‘ಹೋದ’ ತಪ್ಪಂತೆ, ‘ಹೋದನು’ ಸರಿಯಂತೆ!

ಪತ್ರ: ‘ನನ್ನ ಮಗಳ ಶಾಲೆಯಲ್ಲಿ ಈಗ ಕನ್ನಡ ಟೆಸ್ಟೂ ಟ್ಯಾಬ್‌ನಲ್ಲೇ. ಎರಡೇ ನಿಮಿಷಕ್ಕೆ ಅಂಕ ಬರುತ್ತದೆ. ಮೇಷ್ಟ್ರ ಮರ್ಜಿ ಕಾಯಬೇಕಿಲ್ಲ, ಅಕ್ಷರ ಚೆನ್ನಾಗಿಲ್ಲ ಅಂತ ಅಂಕ ಕಳೆಯುವುದೂ ಇಲ್ಲ. ನಿಮ್ಮ ಪತ್ರಿಕೆ ಯಾಕೆ ಇದಕ್ಕೆ ಮೂಗು ಮುರಿಯುತ್ತದೆ?’ – ಒಬ್ಬ ತಾಯಿ, ತುಮಕೂರು

ಮೇಡಂ, ಒಂದೇ ಉತ್ತರಕ್ಕೆ ಒಬ್ಬರು ಮೂರು, ಇನ್ನೊಬ್ಬರು ಒಂದು ಅಂಕ ಕೊಟ್ಟಿದ್ದನ್ನು ನಾನೂ ಕಂಡಿದ್ದೇನೆ. ಕೂಡುವಾಗ ಹತ್ತು ಅಂಕ ಹಾರಿಹೋಗಿದ್ದನ್ನೂ ಕಂಡಿದ್ದೇನೆ. ಮೆಷಿನ್ನು ಸರಿಯಾಗಿ ಕೂಡುತ್ತದೆ, ಒಪ್ಪಿದೆ. ಆದರೆ ಕೂಡುವುದು ಬೇರೆ, ಓದುವುದು ಬೇರೆ ಅಲ್ವಾ?

ನಮ್ಮ ಪಕ್ಕದ ಮನೆ ಹುಡುಗ ಇಂಥದ್ದೇ ಟೆಸ್ಟಿನಲ್ಲಿ ‘ರಾಮು ಊರಿಗೆ ಹೋದ’ ಅಂತ ಟೈಪ್ ಮಾಡಿದ. ಕೆಂಪು ಗುರುತು ಬಂತು. ಒಳಗಿದ್ದ ಉತ್ತರ ‘ಹೋದನು’ ಅಂತೆ. ಯಾವ ಕನ್ನಡ ಮೇಷ್ಟ್ರು ಇದನ್ನು ತಪ್ಪು ಅಂತಾರೆ ಹೇಳಿ? ಇನ್ನು ‘ಸೂರ್ಯ’ ಇದೆ. ಅರ್ಕಾವತ್ತು ಹಾಕಿದರೂ ಸರಿ, ರ ಬರೆದು ಕೆಳಗೆ ಯ ಒತ್ತು ಕೊಟ್ಟರೂ ಸರಿ. ಕಂಪ್ಯೂಟರು ಅಕ್ಷರ ಗುರುತಿಸುವ ಸಂಕೇತಪಟ್ಟಿ ಯೂನಿಕೋಡಿನಲ್ಲಿ ಮಾತ್ರ ಎರಡನೆಯದರ ಮಧ್ಯೆ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಕೂತಿರುತ್ತದೆ. ಸಾಫ್ಟ್‌ವೇರ್ ಬರೆದವನಿಗೆ ಅದು ಗೊತ್ತಿಲ್ಲದಿದ್ದರೆ ಮಗುವಿನ ಅಂಕ ಹೋಯ್ತು.

ಈ ರಗಳೆಯೇ ಬೇಡ ಅಂತ ಶಾಲೆಗಳು ಏನು ಮಾಡುತ್ತವೆ? ನಾಲ್ಕರಲ್ಲಿ ಒಂದನ್ನು ಒತ್ತು ಅನ್ನುತ್ತವೆ. 2021ರ ಜುಲೈ 22 ನೆನಪಿದೆಯಾ? ಕೊರೊನಾ ಕಾಲದ ಎಸ್ಸೆಸ್ಸೆಲ್ಸಿ. ಮೂರೂ ಭಾಷೆ ಒಂದೇ ಬೆಳಗ್ಗೆ, ಒಂದೊಂದಕ್ಕೆ 40 ಅಂಕ, ಒಎಂಆರ್ ಹಾಳೆಯ ಮೇಲೆ ಗುಂಡಗಿನ ಖಾನೆ ತುಂಬುವುದು. ಆಗ ಬೇರೆ ದಾರಿ ಇರಲಿಲ್ಲ, ತಪ್ಪು ಅನ್ನಲಾರೆ. ಆದರೆ ಆ ವರ್ಷ ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿದವರಿಲ್ಲ, ಪತ್ರ ಬರೆದವರಿಲ್ಲ, ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರೂ ಇಲ್ಲ. ಕನ್ನಡದಲ್ಲಿ ಒಂದು ವಾಕ್ಯವನ್ನೂ ಬರೆಯದೆ ಕನ್ನಡ ಪಾಸು! ವಿಪತ್ತಿನ ಆ ಏರ್ಪಾಡನ್ನೇ ನಿಮ್ಮ ಮಗಳ ಶಾಲೆ ಈಗ ಪ್ರಗತಿ ಅಂತಿದೆ.

ಪ್ರಬಂಧವನ್ನೂ ಕಂಪ್ಯೂಟರೇ ತಿದ್ದುತ್ತದೆ ಅಂತೀರಾ? ಅಮೆರಿಕದಲ್ಲಿ ಅದು ಹಳೇ ಸಂಗತಿ. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ 2014ರಲ್ಲಿ ಹುಡುಗರ ಜೊತೆ ಸೇರಿ ಒಂದು ತಮಾಷೆ ಮಾಡಿದರು. ಎರಡು ಮೂರು ಪದ ಕೊಟ್ಟರೆ ಭಾರೀ ಭಾರೀ ಮಾತುಗಳ, ತಲೆಬುಡವಿಲ್ಲದ ಪ್ರಬಂಧ ಹೆಣೆಯುವ ‘ಬೇಬಲ್’ ಅನ್ನೋ ಪ್ರೋಗ್ರಾಂ ಅದು. ತಿದ್ದುವ ಯಂತ್ರ ಅದಕ್ಕೆ ಕೈತುಂಬ ಅಂಕ ಕೊಟ್ಟಿತು. (ನಮ್ಮಲ್ಲಿ ಕೆಲವು ಭಾಷಣಕಾರರಿಗೂ ಹಾಗೇ ಚಪ್ಪಾಳೆ ಬೀಳುತ್ತದೆ, ಇರಲಿ.)

ಟ್ಯಾಬ್ ತಂದದ್ದಕ್ಕೆ ನನ್ನ ತಕರಾರಿಲ್ಲ. ಅದಕ್ಕೆ ದುಡ್ಡಿದೆ, ಕನ್ನಡ ಮೇಷ್ಟ್ರಿಗೆ ಮಾತ್ರ ಇಲ್ಲ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರೇ ಕನ್ನಡವನ್ನೂ ನೋಡಿಕೊಳ್ಳುತ್ತಾರೆ, ಮಳೆ ಬಂದ ದಿನ ಮಾತ್ರ. ಅಪ್ಪ ಅಮ್ಮಂದಿರೂ ಕೇಳುವುದಿಲ್ಲ. ಗಣಿತದ ಮೇಷ್ಟ್ರು ಒಂದು ವಾರ ಬರದಿದ್ದರೆ ಸುಮ್ನೆ ಇರ್ತೀರಾ?

ಬೇಜಾರಾಗಬೇಡಿ. ನಿಮ್ಮ ಪತ್ರ ನನ್ನ ಮೇಜಿನ ಮೇಲೇ ಇದೆ, ನೀಲಿ ಇಂಕಿನಲ್ಲಿ ಎರಡೂವರೆ ಪುಟ. ಎರಡನೇ ಪುಟದಲ್ಲಿ ‘ಸುಲಭ’ ಅಂತ ಬರೆದು, ಹೊಡೆದುಹಾಕಿ, ‘ಸಲೀಸು’ ಮಾಡಿದ್ದೀರಿ. ಹಾಗೆ ಮಾಡಿದ್ದಕ್ಕೇ ಆ ವಾಕ್ಯಕ್ಕೆ ಜೀವ ಬಂದಿದೆ. ನಾನಾಗಿದ್ದರೆ ಆ ಒಂದು ಗೀಟಿಗೇ ಎರಡು ಅಂಕ ಜಾಸ್ತಿ ಕೊಡುತ್ತಿದ್ದೆ.

ಮಗಳಿಂದ ಅರ್ಧ ಪುಟ ಬರೆಸಿ ಕಳಿಸಿ. ವಿಷಯ ಅವಳದ್ದೇ. ತಿದ್ದಿ ವಾಪಸ್ ಕಳಿಸುತ್ತೇನೆ, ಎರಡು ನಿಮಿಷದಲ್ಲಿ ಆಗಲ್ಲ, ಎರಡು ವಾರ ಕೊಡಿ.