ಓದುಗರ ಪ್ರಶ್ನೆ: ನಮ್ಮೂರ ಟಾಕೀಸಿಗೆ ಬೀಗ ಬಿದ್ದದ್ದು ಯಾಕೆ?

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಮುಚ್ಚಿದ ಟಾಕೀಸುಗಳದ್ದೇ ಮಾತು. ಕೆಲವರು ಕಣ್ಣೀರು ಹಾಕಿದ್ದಾರೆ, ಕೆಲವರು ಮಾಲೀಕರನ್ನು ಬೈದಿದ್ದಾರೆ. ಒಬ್ಬರು ಮಾತ್ರ ಲೆಕ್ಕ ಕೇಳಿದ್ದಾರೆ. ಅವರಿಂದಲೇ ಶುರು ಮಾಡೋಣ.

ಸ್ಟಾರ್ ಸಿನಿಮಾ ಬಂದಾಗ ನಮ್ಮೂರ ಟಾಕೀಸಿನ ಮುಂದೆ ಪೊಲೀಸರು ಲಾಠಿ ಹಿಡಿದು ನಿಲ್ಲಬೇಕಿತ್ತು. ಅಷ್ಟು ಜನ ಬರುತ್ತಿದ್ದ ಕಡೆ ನಷ್ಟ ಅಂದರೆ ನಂಬೋದು ಹೇಗೆ? ಮಾಲೀಕರು ಸುಮ್ನೆ ಹೇಳ್ತಾರಾ?
— ನಿವೃತ್ತ ಬ್ಯಾಂಕ್ ನೌಕರರು, ಹಾಸನ

ಸರ್, ಲಾಠಿ ಬೇಕಾಗುತ್ತಿದ್ದ ಸಿನಿಮಾ ವರ್ಷಕ್ಕೆ ಎಷ್ಟಿದ್ದವು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಮೂರು, ಹೆಚ್ಚೆಂದರೆ ನಾಲ್ಕು. ವರ್ಷಕ್ಕೆ ಶುಕ್ರವಾರ 52. ಟಾಕೀಸಿನ ಹೊಟ್ಟೆ ತುಂಬುತ್ತಿದ್ದದ್ದು ಮಿಕ್ಕ ಶುಕ್ರವಾರಗಳಿಂದ. ಹೆಸರು ಕೇಳದ ಹೀರೋನ ಸಿನಿಮಾಗೆ, ಮಂಗಳವಾರದ ಮ್ಯಾಟ್ನಿಗೆ, ಕೋರ್ಟ್ ಕೆಲಸಕ್ಕೋ ಆಸ್ಪತ್ರೆಗೋ ಅಂತ ಹಳ್ಳಿಯಿಂದ ಬಂದು, ಬಸ್ಸಿಗೆ ಇನ್ನೂ ಮೂರು ಗಂಟೆ ಇದೆ, ಹೊರಗೆ ಮಳೆ ಬೇರೆ, ಬಾ ಒಂದು ಸಿನಿಮಾ ನೋಡಿಬಿಡೋಣ ಅಂತ ಒಳಗೆ ಬಂದು ಕೂರುತ್ತಿದ್ದ ಜನರಿಂದ. ಅವರು ಯಾವ ಸ್ಟಾರ್‌ಗೂ ಕಟೌಟ್ ನಿಲ್ಲಿಸಿದವರಲ್ಲ. ಅವರು ಬರೋದು ನಿಂತದ್ದನ್ನು ಯಾರೂ ಗಮನಿಸಲೇ ಇಲ್ಲ.

ಅವರು ಬರೋದು ಯಾಕೆ ನಿಂತಿತು? ಟಿವಿ, ಮೊಬೈಲು ಅಂತ ಎಲ್ಲರೂ ಹೇಳ್ತಾರೆ. ಅದು ಇದ್ದದ್ದೇ. ಆದರೆ ಸಿನಿಮಾ ಊರಿಂದ ಊರಿಗೆ ಬರುವ ದಾರಿಯೇ ಬದಲಾಯಿತು, ಅದನ್ನೂ ನೋಡಬೇಕು. ಮೊದಲು ಸಿನಿಮಾದ ಫಿಲಂ ಪ್ರಿಂಟ್ ಹಾಕಿಸೋದು ದುಬಾರಿ, ಎಣಿಸಿದಷ್ಟೇ ಇರುತ್ತಿದ್ದವು. ಬೆಂಗಳೂರು, ಮೈಸೂರಿನಲ್ಲಿ ಓಡಿ, ಚೆನ್ನಾಗಿದೆಯಂತೆ ಅನ್ನೋ ಸುದ್ದಿ ಮೊದಲು ಬಂದು, ರೀಲಿನ ಡಬ್ಬ ಆಮೇಲೆ ಬರುತ್ತಿತ್ತು. ಹಾಸನದಲ್ಲಿ ಓಡಿದ್ದು ಬೇಲೂರಿಗೆ, ಅರಕಲಗೂಡಿಗೆ, ಕೊನೆಗೆ ಯಾವುದೋ ಸಂತೆ ಊರಿನ ಟೆಂಟಿಗೆ. ಅಷ್ಟು ಹೊತ್ತಿಗೆ ಪರದೆ ತುಂಬ ಗೆರೆ, ಮಳೆ ಸುರಿದ ಹಾಗೆ. ಆದರೂ ಒಂದು ಸಿನಿಮಾ ತಿಂಗಳುಗಟ್ಟಲೆ ದುಡಿಯುತ್ತಿತ್ತು. ಡಿಜಿಟಲ್ ಬಂದಮೇಲೆ ಎಲ್ಲ ಊರಿಗೂ ಒಂದೇ ಶುಕ್ರವಾರ ರಿಲೀಸ್. ಹಳ್ಳಿಯವರಿಗೂ ಹೊಸ ಸಿನಿಮಾ ಅವತ್ತೇ ಸಿಕ್ಕಿತು, ಸಂತೋಷ. ಆದರೆ ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ತೀರ್ಪು ಬಂದಿರುತ್ತೆ, ಸೋಮವಾರಕ್ಕೆ ಸಿನಿಮಾ ಮುಗಿದಿರುತ್ತೆ, ಒಂದೆರಡು ತಿಂಗಳಲ್ಲಿ ಓಟಿಟಿಯಲ್ಲಿ ಬರುತ್ತೆ.

ಇನ್ನೊಂದು, ಬಾಡಿಗೆ ವಿಚಾರ. ನಮ್ಮ ರಾಜ್ಯದ ಸಿಂಗಲ್ ಸ್ಕ್ರೀನುಗಳಲ್ಲಿ ಬಹುಕಾಲ ನಡೆದುಬಂದದ್ದು ವಾರದ ಬಾಡಿಗೆ ಪದ್ಧತಿ. ಸಿನಿಮಾ ತಂದ ನಿರ್ಮಾಪಕರೋ ವಿತರಕರೋ ಟಾಕೀಸಿನವರಿಗೆ ವಾರಕ್ಕೆ ಇಷ್ಟು ಅಂತ ಕೊಡಬೇಕು. ಜನ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಮಲ್ಟಿಪ್ಲೆಕ್ಸಿನಲ್ಲಿ ಬಂದದ್ದರಲ್ಲಿ ಪಾಲು, ಮೊದಲ ವಾರ ಹೆಚ್ಚುಕಡಿಮೆ ಅರ್ಧ ಅರ್ಧ. ಸಣ್ಣ ನಿರ್ಮಾಪಕ ಏನು ಮಾಡ್ತಾನೆ? ಪಾಲು ಕೊಡುವ ಕಡೆ ಹೋಗ್ತಾನೆ, ನಮ್ಮೂರಿನ ಬಾಡಿಗೆ ಕಟ್ಟೋಕೆ ಹೆದರ್ತಾನೆ. ಅದರ ಮೇಲೆ ಥಿಯೇಟರಿಗೆ ಸಿನಿಮಾ ತಲುಪಿಸುವ ಡಿಜಿಟಲ್ ಕಂಪನಿಗಳ ಶುಲ್ಕ. ಅದು ಜಾಸ್ತಿಯಾಯಿತು ಅಂತ 2018ರ ಮಾರ್ಚಿನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾ ಬಿಡೋದನ್ನೇ ನಿಲ್ಲಿಸಿದ್ದರು, ನೆನಪಿದೆಯಾ? ಹೀಗೆ ಮಿಕ್ಕ ಶುಕ್ರವಾರಗಳು ಒಂದೊಂದಾಗಿ ಖಾಲಿಯಾದವು.

ಬೇಕಾದರೆ ಕಾಗದದ ಮೇಲೆ ಹಾಕಿ ನೋಡಿ. 600 ಸೀಟಿನ ಟಾಕೀಸು, ಮ್ಯಾಟ್ನಿಗೆ 40 ಜನ, ತಲೆಗೆ 100 ರೂಪಾಯಿ. ಆ 4000 ರೂಪಾಯಿಯಲ್ಲಿ ತೆರಿಗೆ, ಕರೆಂಟು, ಗೇಟಿನವನ ಸಂಬಳ, ಆಪರೇಟರ್ ಸಂಬಳ ಎಲ್ಲ ಹೋಗಬೇಕು. ಅದೇ ಟಾಕೀಸು ನಿಂತಿರೋ ಜಾಗ ಬಸ್ ಸ್ಟ್ಯಾಂಡಿನ ಪಕ್ಕದ್ದು. ಅಪ್ಪ ಕಟ್ಟಿಸಿದ್ದು, ಈಗ ಪಾಲಿಗೆ ನಾಲ್ಕು ಮಕ್ಕಳು. ಅಂಗಡಿ ಮಳಿಗೆ ಕಟ್ಟಿದರೆ ತಿಂಗಳ ಬಾಡಿಗೆ ಖಾತ್ರಿ. ಅವರ ಜಾಗದಲ್ಲಿ ನಾವಿದ್ದರೆ ಏನು ಮಾಡ್ತಿದ್ವಿ, ಹೇಳಿ?

2020ರ ಮಾರ್ಚಿನಲ್ಲಿ ಕೊರೊನಾ ಅಂತ ಬಾಗಿಲು ಹಾಕಿದವರಿಗೆ ಅಕ್ಟೋಬರ್‌ವರೆಗೆ ತೆಗೆಯೋಕೆ ಆಗಲಿಲ್ಲ, ತೆಗೆದಾಗಲೂ ಅರ್ಧ ಸೀಟು. ಮರುವರ್ಷ ಮತ್ತೆ ಬಂದ್. ಬೆಂಗಳೂರಿನ ಕಪಾಲಿ ಥಿಯೇಟರ್ ಅದಕ್ಕೂ ಮೊದಲೇ, 2017ರಲ್ಲಿ ಹೋಯಿತು. 1974ರಿಂದ ನಡೆದಿದ್ದ ಕಾವೇರಿ 2024ರಲ್ಲಿ ಮುಚ್ಚಿತು. ಅಷ್ಟು ಜನ ಇರೋ ಊರಿನಲ್ಲೇ ಹಾಗಾದರೆ ನಮ್ಮದು ಯಾವ ಲೆಕ್ಕ.

ಕೂಲಿ ಬಟವಾಡೆ ಆದ ವಾರ ತೋಟದ ಕೂಲಿಯವರ ಲೈನಿನಿಂದ ಜೀಪಿನಲ್ಲಿ ಜನ ತುಂಬಿಕೊಂಡು ಚಿಕ್ಕಮಗಳೂರಿಗೆ ಸಿನಿಮಾಗೆ ಬರ್ತಿದ್ರು ಅಂತ ನಮ್ಮಮ್ಮ ಹೇಳ್ತಾರೆ. ಮಕ್ಕಳು ನಗ್ತಾರೆ. ನಿಜ ತಾನೇ?
— ಗೃಹಿಣಿ, ಬಸವನಹಳ್ಳಿ, ಚಿಕ್ಕಮಗಳೂರು

ಅಮ್ಮ ಹೇಳಿದ್ದು ನಿಜ ಅಕ್ಕ. ಮಲೆನಾಡಿನ ಟಾಕೀಸುಗಳಿಗೆ ತೋಟದ ಕೂಲಿಯೇ ಆಧಾರ. ಸಂತೆ ಒಂದು ಕೈಯಲ್ಲಿ, ಸಿನಿಮಾ ಒಂದು ಕೈಯಲ್ಲಿ. ಚೀಲದಲ್ಲಿ ಅಕ್ಕಿ, ಒಣಮೀನು, ಬೆಲ್ಲ ಇಟ್ಟುಕೊಂಡೇ ಒಳಗೆ ಬರುತ್ತಿದ್ದರು, ಮೀನಿನ ವಾಸನೆಗೆ ಹಿಂದಿನ ಕುರ್ಚಿಯವರು ಗೊಣಗುತ್ತಿದ್ದರು. ತೋಟಗಳಲ್ಲಿ ತಮಿಳಿನವರು, ತುಳು ಮಾತಾಡೋರು, ಮಲಯಾಳಿಗಳು ಎಲ್ಲ ಇದ್ದರು. ಹಾಗಾಗಿ ಈ ಕಡೆ ತಮಿಳು ಸಿನಿಮಾಗೂ ಜನ ಸಿಗುತ್ತಿದ್ದರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಹಣ್ಣು ಕೊಯ್ಲು, ಕೈಯಲ್ಲಿ ನಾಲ್ಕು ಕಾಸು. ಆಷಾಢದ ಮಳೆ ಹಿಡಿದರೆ ಜನವೂ ಇಲ್ಲ, ಟೆಂಟೂ ಇಲ್ಲ. ಮಳೆಗಾಲಕ್ಕೆ ಮೊದಲೇ ಟೂರಿಂಗ್ ಟಾಕೀಸಿನವರು ಗುಡಾರ ಬಿಚ್ಚಿ ಮಡಚಿಬಿಡುತ್ತಿದ್ದರು.

ಮಕ್ಕಳಿಗೆ ಟೆಂಟಿನ ಕಥೆಯೂ ಹೇಳಿಸಿ. ಮೈಕಿನಲ್ಲಿ ತಿಮ್ಮಪ್ಪನ ಹಾಡು ಬಂದರೆ ಟಿಕೆಟ್ ಕೊಡೋಕೆ ಶುರು ಮಾಡಿದರು ಅಂತ ಅರ್ಥ, ಅರ್ಧ ಊಟ ಬಿಟ್ಟು ಓಡುತ್ತಿದ್ದರು. ನೆಲ, ಬೆಂಚು, ಕುರ್ಚಿ. ನೆಲದವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರೋದು, ಹಿಂದಿನವನು 'ತಲೆ ತಗ್ಗಿಸೋ' ಅಂತ ಕೂಗೋದು. ಹೆಂಗಸರ ಕ್ಯೂ ಬೇರೆ, ಅಲ್ಲಿ ಜನ ಕಮ್ಮಿ ಅಂತ ಗಂಡಸರು ಅಕ್ಕತಂಗಿಯರ ಕೈಗೆ ದುಡ್ಡು ಕೊಟ್ಟು ನಿಲ್ಲಿಸೋದು. ಎಲ್ಲವೂ ಚೆಂದ ಇತ್ತು ಅಂತಲ್ಲ. ಕುರ್ಚಿಯಲ್ಲಿ ತಿಗಣೆ, ಒಳಗೆಲ್ಲ ಬೀಡಿ ಹೊಗೆ. ಅಮ್ಮ ಅದನ್ನು ಬಿಟ್ಟು ಹೇಳಿದ್ದರೆ ಕೇಳಿ ನೋಡಿ, ನಕ್ಕುಬಿಡ್ತಾರೆ.

ಓಟಿಟಿ ಇದೆ, ಮನೆಯಲ್ಲಿ ದೊಡ್ಡ ಟಿವಿ ಇದೆ. ಮೂಗು ಮುಚ್ಚಿಕೊಂಡು ಟಾಯ್ಲೆಟ್ಟಿಗೆ ಹೋಗಬೇಕಾದ ಥಿಯೇಟರಿಗಾಗಿ ಯಾಕಿಷ್ಟು ಗೋಳು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಟಾಯ್ಲೆಟ್ ವಿಷಯದಲ್ಲಿ ನೀನು ಹೇಳಿದ್ದು ನೂರಕ್ಕೆ ನೂರು ಸರಿಯಮ್ಮ. ಮಾಲೀಕರು ನನ್ನ ಮೇಲೆ ಸಿಟ್ಟಾದರೂ ಪರವಾಗಿಲ್ಲ, ಇದನ್ನು ಹೇಳಲೇಬೇಕು. ಸೀಟು ಹರಿದಿದ್ದರೆ ಹುಡುಗರು ಸಹಿಸಿಕೊಳ್ತಾರೆ, ನೀರಿಲ್ಲದ ಟಾಯ್ಲೆಟ್ ಇರೋ ಕಡೆಗೆ ಹೆಂಗಸರು ಎರಡನೇ ಸಲ ಬರಲ್ಲ. ಹೆಂಗಸರು ಬಿಟ್ಟರೆ ಸಂಸಾರ ಬಿಟ್ಟ ಹಾಗೆ. ಸಂಸಾರ ಬಿಟ್ಟರೆ ಉಳಿಯೋದು ಫಸ್ಟ್ ಡೇ ಸೀಟಿ ಹೊಡೆಯೋರು ಮಾತ್ರ. ಹಾಗಿದ್ದರೂ ಒಂದು ಮಾತು. 2022ರಲ್ಲಿ 'ಕಾಂತಾರ' ಬಂದಾಗ ಎಷ್ಟೋ ವರ್ಷದಿಂದ ಥಿಯೇಟರ್ ಮೆಟ್ಟಿಲು ಹತ್ತದ ಅಜ್ಜಿಯರೂ ಮೊಮ್ಮಕ್ಕಳ ಕೈ ಹಿಡಿದು ಬಂದರು. ಅವರ ಮನೆಯಲ್ಲೂ ಟಿವಿ ಇತ್ತು, ಅಲ್ವಾ?

ನಮ್ಮ ತಂದೆ ಮೂವತ್ತು ವರ್ಷ ಆಪರೇಟರ್ ಆಗಿದ್ದರು. ಟಾಕೀಸು ಮುಚ್ಚುವಾಗ ಹಳೆಯ ಪ್ರೊಜೆಕ್ಟರ್ ಒಂದನ್ನು ಅವರಿಗೇ ಕೊಟ್ಟರು, ಎರಡು ರೀಲೂ ಇವೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳ್ತಿದ್ದಾನೆ. ಕೊಟ್ಟುಬಿಡಲಾ?
— ಅಂಗಡಿ ಮಾಲೀಕರು, ಅರಸೀಕೆರೆ

ಕೊಡಬೇಡಿ. ನಿಮ್ಮ ತಂದೆ ಮಾಡುತ್ತಿದ್ದ ಕೆಲಸ ಎಂಥದ್ದು ಅಂತ ನಿಮಗೆ ಗೊತ್ತೇ ಇರುತ್ತೆ, ಬೇರೆಯವರಿಗಾಗಿ ಬರೀತೀನಿ. ಸೆಕೆಂಡಿಗೆ 24 ಚಿತ್ರ ಓಡಬೇಕು. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ಅದಕ್ಕೇ ಎರಡು ಪ್ರೊಜೆಕ್ಟರ್. ಒಂದು ಓಡುವಾಗ ಇನ್ನೊಂದಕ್ಕೆ ರೀಲು ಏರಿಸಿ ಕಾಯಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತೆ, ಆಗ ಎರಡನೆಯ ಮೋಟಾರ್ ಹಾಕಬೇಕು. ಕೆಲವೇ ಸೆಕೆಂಡಿಗೆ ಇನ್ನೊಂದು ಚುಕ್ಕಿ, ಆಗ ಬದಲಾಯಿಸಬೇಕು. ತಪ್ಪಿದರೆ ಪರದೆ ಬೆಳ್ಳಗಾಗಿ ಕೆಳಗಿನಿಂದ ಸೀಟಿ, ಬೈಗುಳ. ಬೆಳಕಿಗೆ ಕಾರ್ಬನ್ ಕಡ್ಡಿ ಉರಿಯುತ್ತಿದ್ದ ಕಾಲದಲ್ಲಿ ಕಡ್ಡಿ ಸವೆದ ಹಾಗೆ ಸರಿಸುತ್ತಲೂ ಇರಬೇಕು. ಆ ಬಿಸಿ ಗೂಡಿನಲ್ಲಿ ದಿನಕ್ಕೆ ನಾಲ್ಕು ಶೋ. ಆಮೇಲೆ ಕ್ಸೆನಾನ್ ದೀಪ ಬಂತು, ಆಮೇಲೆ ಡಿಜಿಟಲ್ ಬಂತು. ಬೀಗ ಬಿದ್ದಾಗ ಪೇಪರಿನವರು ಕಟ್ಟಡದ ಫೋಟೊ ಹಾಕ್ತಾರೆ, ಆಪರೇಟರುಗಳ ಬಗ್ಗೆ ಒಂದು ಸಾಲೂ ಇರಲ್ಲ.

ರೀಲುಗಳನ್ನು ಮೂಸಿ ನೋಡಿ. ವಿನೆಗರ್ ಥರ ಹುಳಿ ವಾಸನೆ ಇದ್ದರೆ ಫಿಲಂ ಕೆಡೋಕೆ ಶುರುವಾಗಿದೆ ಅಂತ. ಬಿಸಿಲು, ತೇವ ಎರಡೂ ಆಗಬಾರದು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಜೊತೆ ಸೇರಿದೆ. ಯಾವ ಸಿನಿಮಾದ ರೀಲು ಅಂತ ಗುರುತಿಸಿ ಅವರಿಗೆ ಬರೆಯಿರಿ. ಪ್ರೊಜೆಕ್ಟರ್ ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ಬಿಚ್ಚಿ ಒಣಗಿದ ಜಾಗದಲ್ಲಿಡಿ. ತಂದೆಯವರು ಆರೋಗ್ಯವಾಗಿದ್ದರೆ ಅದರ ಪಕ್ಕ ಕೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇದೇ ವಾರ ಮಾಡಿ, ದೀಪಾವಳಿಗೆ ಅಂತ ಮುಂದೂಡಬೇಡಿ.

ಟಿಕೆಟ್ 200 ರೂಪಾಯಿ ಮೀರಬಾರದು ಅಂತ ಸರ್ಕಾರ ಹೇಳಿತಲ್ಲ, ಅದರಿಂದ ನಮ್ಮೂರ ಟಾಕೀಸು ಉಳಿಯುತ್ತಾ?
— ಕಡೂರು

ಉಳಿಯಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ನಿಯಮ ಬಂತು, ಎರಡು ವಾರದೊಳಗೇ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಅದೇನಿದ್ದರೂ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಜಗಳ. ನಮ್ಮ ಕಡೆಯ ಸಾದಾ ಟಾಕೀಸಿನ ಟಿಕೆಟ್ಟು ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತೆ. ನಮಗೆ ಸ್ವಲ್ಪ ಉಪಯೋಗ ಆಗಬಹುದಾದದ್ದು ಅದೇ ತಿಂಗಳು ಆದ ಜಿಎಸ್‌ಟಿ ಬದಲಾವಣೆ. 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ. 12 ಇದ್ದದ್ದು ಶೇ. 5 ಆಯಿತು. ಮೀರಿದರೆ ಶೇ. 18 ಹಾಗೇ ಇದೆ. ನೂರರ ಒಳಗೆ ನಡೆಸೋರಿಗೆ ಸ್ವಲ್ಪ ಉಸಿರು, ಅಷ್ಟೇ.

ನಾವು ನಾಲ್ಕೈದು ಗೆಳೆಯರು ಸೇರಿ ಮುಚ್ಚಿರೋ ಒಂದು ಟಾಕೀಸನ್ನು ಲೀಸಿಗೆ ತಗೊಂಡು ನಡೆಸಬೇಕು ಅಂತಿದ್ದೀವಿ. ಎಲ್ಲರೂ ಹುಚ್ಚರು ಅಂತಾರೆ. ನೀವೇನಂತೀರಿ?
— ಸಕಲೇಶಪುರ

ಪೂರ್ತಿ ಹುಚ್ಚರು ಅನ್ನಲ್ಲ. ಮೊದಲು ಲೈಸೆನ್ಸ್ ನೋಡಿ. 1964ರ ಕರ್ನಾಟಕ ಸಿನಿಮಾ ಕಾಯ್ದೆ ಪ್ರಕಾರ ಲೈಸೆನ್ಸ್ ಕೊಡೋದು ಜಿಲ್ಲಾಧಿಕಾರಿ. ಹಳೆಯದು ನವೀಕರಣ ಆಗದೆ ಬಿದ್ದಿದ್ದರೆ ಕಟ್ಟಡದ ಗಟ್ಟಿತನ, ವೈರಿಂಗ್, ಬೆಂಕಿ ಸುರಕ್ಷತೆ ಎಲ್ಲಕ್ಕೂ ಮತ್ತೆ ಸರ್ಟಿಫಿಕೇಟ್ ಬೇಕು. ನಿಮ್ಮ ಕಡೆಯ ಮಳೆಗೆ ವರ್ಷಗಟ್ಟಲೆ ಸೋರಿದ ಶೀಟು, ಗೆದ್ದಲು ಹಿಡಿದ ಮರ ಇರುತ್ತೆ. ಎಂಜಿನಿಯರ್ ನೋಡದೆ ಅಡ್ವಾನ್ಸ್ ಕೊಡಬೇಡಿ. ಲೀಸಿನ ಕಾಗದಕ್ಕೆ ಎಲ್ಲ ಪಾಲುದಾರರ ಸಹಿ ಇರಲಿ. ಅಣ್ಣ ಸಹಿ ಹಾಕಿ ತಮ್ಮ ಕೋರ್ಟಿಗೆ ಹೋದರೆ ನಿಮ್ಮ ದುಡ್ಡು ಅಲ್ಲೇ ಮುಳುಗುತ್ತೆ.

600 ಸೀಟು ತುಂಬಿಸೋ ಆಸೆ ಬಿಡಿ. ಮಧ್ಯೆ ಗೋಡೆ ಹಾಕಿ 150 ಸೀಟಿನ ಒಂದು ಹಾಲ್ ಮಾಡಿ. ಮಿಕ್ಕ ಜಾಗಕ್ಕೆ ಅಂಗಡಿಯೋ ಕಾಫಿ ಹೋಟೆಲೋ ಬರಲಿ, ಕರೆಂಟ್ ಬಿಲ್ ಅದರಲ್ಲಿ ಹೋಗುತ್ತೆ. ಸಿನಿಮಾ ಹಾಕೋದು ಬಾಡಿಗೆಗೆ ಬೇಡ, ಪಾಲಿಗೆ ಹಾಕಿ. ಆಗ ಸಣ್ಣ ಸಿನಿಮಾದವರು ಧೈರ್ಯವಾಗಿ ಬರ್ತಾರೆ. ಮನೆಯ ಓಟಿಟಿ ಚಂದಾ ಹಾಕಿ ಪರದೆ ಮೇಲೆ ತೋರಿಸಿ ಟಿಕೆಟ್ ಮಾರೋ ಐಡಿಯಾ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಕೇಸ್ ಆಗುತ್ತೆ. ಸಾರ್ವಜನಿಕವಾಗಿ ತೋರಿಸೋಕೆ ಹಕ್ಕು ಇರೋರಿಂದ ಬೇರೆ ಒಪ್ಪಿಗೆ ಬೇಕು.

ಲೈಸೆನ್ಸ್ ಕೆಲಸ ತಿಂಗಳುಗಟ್ಟಲೆ ಎಳೆಯುತ್ತೆ. ಅಷ್ಟರಲ್ಲಿ ಒಂದು ಚಿತ್ರಸಮಾಜ, ಅಂದರೆ ಒಳ್ಳೆಯ ಸಿನಿಮಾ ಒಟ್ಟಿಗೆ ನೋಡೋರ ಸಂಘ ಕಟ್ಟಿಕೊಂಡು, ಒಪ್ಪಿಗೆ ಪಡೆದ ಸಿನಿಮಾಗಳನ್ನು ಯಾವುದಾದರೂ ಸಭಾಭವನದಲ್ಲಿ ತೋರಿಸಿ ನೋಡಿ. ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆಯವರು 1970ರ ದಶಕದಲ್ಲೇ ಚಿತ್ರಸಮಾಜ ಮಾಡಿ, ಅಡಿಕೆ ತೋಟದ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು. ಜನ ಕೂತು ನೋಡಿದರು. ಮಂಗಳವಾರ ಸಂಜೆ ಇಟ್ಟು ನೋಡಿ, ಭಾನುವಾರ ಬೇಡ. ಮಂಗಳವಾರ 50 ಜನ ಬಂದರೆ ಮಾಲೀಕರ ಹತ್ತಿರ ಲೀಸಿನ ಮಾತು ಎತ್ತಿ. ಅವರು ಏನಂದರು ಅಂತ ನಮಗೂ ಬರೆಯಿರಿ, ಇದೇ ಅಂಕಣದಲ್ಲಿ ಹಾಕ್ತೀವಿ.