ಕಸಿ ಹೆಚ್ಚುತ್ತಿದೆ ಎನ್ನುತ್ತಾರೆ, ಹಾಗಾದರೆ ಕೋಲಾರದ ನಮ್ಮ ಅಣ್ಣ ಕಿಡ್ನಿಗಾಗಿ ಇಷ್ಟು ಕಾಯಬೇಕೇಕೆ?

ಕಸಿ ಹೆಚ್ಚಿರುವುದು ನಿಜ. 2013ರಲ್ಲಿ ದೇಶದಲ್ಲಿ ಸುಮಾರು ಐದು ಸಾವಿರ ಅಂಗಾಂಗ ಕಸಿ ನಡೆದಿದ್ದವು. 2023ರಲ್ಲಿ ಅದು 18 ಸಾವಿರ ದಾಟಿತು. ಆದರೆ ಆ ವರ್ಷ ಮರಣಾನಂತರ ಅಂಗ ಕೊಟ್ಟವರು ಸುಮಾರು 1,100 ಮಂದಿ ಮಾತ್ರ, ಅಂದರೆ ಹತ್ತು ಲಕ್ಷ ಜನರಿಗೆ ಒಬ್ಬರೂ ಇಲ್ಲ. ಬಹುಪಾಲು ಅಂಗಗಳು ಬದುಕಿರುವ ನಂಟರಿಂದ ಬಂದವು, ಅವರಲ್ಲಿಯೂ ಹೆಂಗಸರೇ ಹೆಚ್ಚು. ತಾಯಂದಿರ, ಹೆಂಡತಿಯರ ಮೇಲೆ ಇಷ್ಟು ಭಾರ ಬೀಳುವುದು ನನಗೆ ಸಹಜವೆನಿಸುವುದಿಲ್ಲ.

ಮರಣಾನಂತರದ ದಾನ ಕಡಿಮೆ ಏಕೆ? ಅದಕ್ಕೆ ಸಾಮಾನ್ಯವಾಗಿ ಮಿದುಳು ಸತ್ತಿರಬೇಕು, ಆದರೆ ವೆಂಟಿಲೇಟರ್ ನೆರವಿನಿಂದ ಹೃದಯ ಮಿಡಿಯುತ್ತಿರಬೇಕು. ವೈದ್ಯರ ತಂಡ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಎದೆ ಏರಿಳಿಯುತ್ತಿರುವ ಮಗನನ್ನು ತೋರಿಸಿ "ಇವನಿಲ್ಲ" ಎಂದರೆ ಯಾವ ತಾಯಿ ತಾನೇ ಥಟ್ಟನೆ ಒಪ್ಪಿಯಾಳು? ದಾನಕ್ಕೆ ಹೆಸರು ನೋಂದಾಯಿಸಿದ್ದರೂ ಕುಟುಂಬದ ಒಪ್ಪಿಗೆ ಬೇಕೇ ಬೇಕು. ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು.

ಕರ್ನಾಟಕದಲ್ಲಿ ಸರದಿ ಪಟ್ಟಿಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸಂಸ್ಥೆ. ನಿಮ್ಮ ಅಣ್ಣನ ಹೆಸರನ್ನು ಕಸಿಗೆ ಪರವಾನಗಿ ಇರುವ ಆಸ್ಪತ್ರೆಯ ಮೂಲಕವೇ ಅಲ್ಲಿಗೆ ಸೇರಿಸಬೇಕು. ಡಯಾಲಿಸಿಸ್ ನಡೆಯುತ್ತಿದೆ ಎಂದ ಮಾತ್ರಕ್ಕೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ. ಇದನ್ನು ಇಂದೇ ವಿಚಾರಿಸಿ.