ಎಚ್‌ಐವಿ ಇದೆ, ವಸಡಿನ ಗಂಟು ಹೋಗುತ್ತಿಲ್ಲ. ಕ್ಯಾನ್ಸರ್ ಇರಬಹುದಾ?

ಆರು ವರ್ಷದಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ ಇದೆ, ಆದರೂ ಒಂದು ತಿಂಗಳಿಂದ ವಸಡಿನಲ್ಲಿ ಗಂಟಿದೆ ಎಂದು ಬರೆದಿದ್ದೀರಿ. ಇದು ಅಪರೂಪದ ಕ್ಯಾನ್ಸರ್ ಇರಬಹುದಾ, ಹಲ್ಲಿನ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳಲೇಬೇಕಾ ಎಂದು ಕೇಳಿದ್ದೀರಿ.

ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಲ್ಲಿನ ಬೇರಿನಲ್ಲಿ ಕೀವು ತುಂಬಿದರೂ ಹೀಗಾಗುತ್ತದೆ. ಆದರೆ ಒಂದು ತಿಂಗಳಾದರೂ ಇಳಿಯದ ಗಂಟನ್ನು ಬರೀ ಕಣ್ಣಲ್ಲಿ ನೋಡಿ ಯಾರೂ ಹೇಳಲಾರರು, ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ಮತ್ತೆ, ಹೌದು, ಹೇಳಲೇಬೇಕು. ನನಗೂ ಎಚ್‌ಐವಿ ಇದೆ, ನಾನು ಹೇಳಿರಲಿಲ್ಲ.

ನನಗೆ ಬಂದಿದ್ದು ಮೇಲಿನ ದವಡೆಯಲ್ಲಿ, ಕೊನೆಯ ಹಲ್ಲಿನ ಪಕ್ಕ. ಬಟಾಣಿ ಕಾಳಿನಷ್ಟಿತ್ತು, ನೋವಿರಲಿಲ್ಲ, ನಾಲಿಗೆ ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಒಂದು ಕೋರ್ಸ್ ಆಂಟಿಬಯಾಟಿಕ್ ಆಯಿತು, ಇನ್ನೊಂದು ಆಯಿತು, ಕೊನೆಗೆ ಹಲ್ಲನ್ನೇ ಕಿತ್ತರು. ಕಿತ್ತ ಗುಳಿಯೊಳಗಿಂದ ಕೆಂಪಗೆ ಮಾಂಸ ಉಬ್ಬಿಕೊಂಡು ಬಂತು, ಬ್ರಷ್ ತಾಗಿದರೆ ಸಾಕು, ರಕ್ತ. ಫಾರ್ಮಿನಲ್ಲಿ 'ಬೇರೆ ಕಾಯಿಲೆ' ಎನ್ನುವ ಜಾಗವನ್ನು ಖಾಲಿ ಬಿಟ್ಟಿದ್ದೆ. ಹೇಳಿದರೆ ಮುಟ್ಟುವುದೇ ಇಲ್ಲವೇನೋ ಎನ್ನುವ ಭಯ. ಆ ಭಯಕ್ಕೆ ಎರಡೂವರೆ ತಿಂಗಳು ಹೋಯಿತು.

ಮೊದಲ ಬಯಾಪ್ಸಿ ರಿಪೋರ್ಟಿನಲ್ಲೂ ಯಾವ ಬಗೆಯ ಕ್ಯಾನ್ಸರ್ ಎಂದು ಗೊತ್ತಾಗಲಿಲ್ಲ. ಲಿಂಫೋಮಾ ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್. ಆ ಕಣಗಳಲ್ಲಿ ಬಿ ಜೀವಕೋಶ ಎಂಬ ಬಗೆಯದರ ಲಿಂಫೋಮಾ ಇದೆಯಾ ಎಂದು ನೋಡಲು ಲ್ಯಾಬಿನವರು ಸಾಮಾನ್ಯವಾಗಿ ಸಿಡಿ20 ಎಂಬ ಗುರುತನ್ನು ಹುಡುಕುತ್ತಾರೆ. ನನಗಿದ್ದ ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾದಲ್ಲಿ ಆ ಗುರುತು ಇರುವುದೇ ಇಲ್ಲ, ಇದ್ದರೂ ತೀರಾ ಮಸುಕು. ಆಗ ನಾನು ಬಾಯಿಬಿಟ್ಟೆ. ಎಚ್‌ಐವಿ ಎಂದು ತಿಳಿದ ಕೂಡಲೇ ಅದೇ ತುಣುಕಿನ ಮೇಲೆ ಸಿಡಿ138 ಎಂಬ ಇನ್ನೊಂದು ಗುರುತು ಮತ್ತು ಈ ಲಿಂಫೋಮಾದಲ್ಲಿ ಹೆಚ್ಚಾಗಿ ಕಾಣುವ ಎಪ್‌ಸ್ಟೈನ್-ಬಾರ್ ವೈರಸ್ ಪರೀಕ್ಷೆ ಮಾಡಿದರು, ಎರಡೂ ಪಾಸಿಟಿವ್. ಈ ಲಿಂಫೋಮಾವನ್ನು ಬೇರೆಯದೇ ಬಗೆ ಎಂದು 1997ರಲ್ಲಿ ಗುರುತಿಸಿದ್ದೇ ಹೆಚ್ಚಾಗಿ ಎಚ್‌ಐವಿ ಇದ್ದವರ ಬಾಯಿಯಲ್ಲಿ. ಅಂದರೆ ನಾನು ಮುಚ್ಚಿಟ್ಟ ಆ ಒಂದು ಮಾತೇ ದಾರಿ ತೋರಿಸಬೇಕಿತ್ತು, ಅಲ್ವಾ?

ವೈರಲ್ ಲೋಡ್ ಇಷ್ಟು ಕಡಿಮೆ ಇದ್ದರೂ ಯಾಕೆ ಎಂದು ನಿಮಗನ್ನಿಸಬಹುದು. ಎಚ್‌ಐವಿ ಇದ್ದವರಿಗೆ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳಲ್ಲಿ ಎಷ್ಟೋ ಬೇರೆ ವೈರಸ್‌ಗಳಿಂದ ಶುರುವಾಗುತ್ತವೆ, ಎಚ್‌ಐವಿ ಕಾವಲನ್ನು ಸಡಿಲ ಮಾಡುತ್ತದೆ. ಅವುಗಳಲ್ಲಿ ಒಂದಾದ, ಚರ್ಮದಲ್ಲಿ, ಬಾಯಲ್ಲಿ ಕಾಣಿಸುವ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನ ಹಿಂದೆ ಇರುವ ವೈರಸ್ಸನ್ನು ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ 1994ರಲ್ಲಿ ಕಂಡುಹಿಡಿದರು. ಅದೇ ವೈರಸ್ಸಿನಿಂದ ಇನ್ನೊಂದು ಲಿಂಫೋಮಾ ಬರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಗಡ್ಡೆಯೇ ಇರುವುದಿಲ್ಲ, ಎದೆಯಲ್ಲೋ ಹೊಟ್ಟೆಯಲ್ಲೋ ನೀರು ತುಂಬುತ್ತದೆ ಅಷ್ಟೇ. ಕಣ್ಣಿನ ಬಿಳಿಯ ಮೇಲಿನ ಪೊರೆಯಲ್ಲೂ ಕ್ಯಾನ್ಸರ್ ಬರುತ್ತದೆ. ಮಾತ್ರೆ ಸರಿಯಾಗಿ ತಗೊಂಡರೆ ಅಪಾಯ ತುಂಬಾ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಂತ ಎಆರ್‌ಟಿ ನಿಲ್ಲಿಸಬೇಡಿ, ಒಂದು ದಿನವೂ.

ಅಕಸ್ಮಾತ್ ಕಿಮೋ ಬೇಕು ಎಂದಾದರೆ ನೀವು ತಗೊಳ್ಳುವ ಮಾತ್ರೆಯ ಹೆಸರುಗಳನ್ನೆಲ್ಲ ಬರೆದು ಕೊಡಿ. ಕೆಲವು ಎಆರ್‌ಟಿ ಮಾತ್ರೆಗಳಲ್ಲಿರುವ ರಿಟೊನಾವಿರ್ ಅಥವಾ ಕೋಬಿಸಿಸ್ಟಾಟ್ ನಿಮ್ಮದರಲ್ಲೂ ಇದ್ದರೆ ವಿನ್‌ಕ್ರಿಸ್ಟಿನ್‌ನಂಥ ಕಿಮೋ ಔಷಧಿ ದೇಹದಲ್ಲಿ ಜಾಸ್ತಿ ಹೊತ್ತು ಉಳಿದು ನರಗಳಿಗೆ ಪೆಟ್ಟು ಕೊಡುತ್ತದೆ. ನನ್ನ ಎಚ್‌ಐವಿ ಡಾಕ್ಟರು, ಕ್ಯಾನ್ಸರ್ ಡಾಕ್ಟರು ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು, ಕಿಮೋ ಶುರುವಾಗುವ ಮೊದಲೇ ಎಆರ್‌ಟಿ ಮಾತ್ರೆ ಬದಲಿಸಿದರು. ಚಿಕಿತ್ಸೆ ಮುಗಿದು ಮೂರು ವರ್ಷವಾಯಿತು, ಈಗ ಆ ಜಾಗದಲ್ಲಿ ನಾಲಿಗೆಗೆ ಬರೀ ನುಣುಪು ವಸಡು ಸಿಗುತ್ತದೆ.

ಈ ವಾರವೇ ಹೋಗಿ. ಹಲ್ಲಿನ ಡಾಕ್ಟರಿಗೆ ಹೇಳಲು ತೀರಾ ಕಷ್ಟವಾದರೆ ನಿಮ್ಮ ಎಚ್‌ಐವಿ ಡಾಕ್ಟರ ಹತ್ತಿರವೇ ಹೋಗಿ, ಬಯಾಪ್ಸಿಗೆ ಅವರೇ ಚೀಟಿ ಬರೆದುಕೊಡಲಿ, ಚೀಟಿಯಲ್ಲಿ ಎಚ್‌ಐವಿ ಎಂದು ಇರಲಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ಓದಲು ನಾನೂ ಜೊತೆಗಿರುತ್ತೇನೆ.